ಬೇಟೆಯ ದಾರಿ ತೋರುವುದು ಕಾಯಕವಾದೀತೇ?

ಶಿಕಾರಿಪುರವೆಂಬ ಹೆಸರಿನಲ್ಲಿಯೇ ಬೇಟೆಯ ಮಾತು ಅಡಗಿದೆ. ಹಿಂದೆ ಮಹಾದಾನಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿಗೆ, ಹೈದರ್ ಟಿಪ್ಪುಗಳ ಕಾಲದಲ್ಲಿ ಸುತ್ತಣ ಕಾಡಿನಲ್ಲಿ ಬೇಟೆಯು ಹೇರಳವಾಗಿ ದೊರೆತುದರಿಂದ ಶಿಕಾರಿಪುರವೆಂಬ ಹೆಸರು ಬಂದಿತೆಂದು ಪ್ರತೀತಿಯುಂಟು. ದಾನದ ಹೆಸರು ಹೋಗಿ ಬೇಟೆಯ ಹೆಸರು ನಿಂತಿತು. ಇದೇ ತಾಲ್ಲೂಕಿನಲ್ಲಿ ಅಕ್ಕಮಹಾದೇವಿಯವರ ಉಡುತಡಿಯಿದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪರಂಪರೆಯು ನಂಬಿರುವ ಬಳ್ಳಿಗಾವಿಯಿದೆ. ಶಿವಶರಣೆ ಸತ್ಯಕ್ಕನ ಹಿರೇಜಂಬೂರಿದೆ. ಜೀವದಯೆಯನ್ನು ಸಾರಿದ ಶರಣರನ್ನು ಹೆತ್ತ ನೆಲವೇ ಮುಂದೆ ಬೇಟೆಯ ಹೆಸರನ್ನು ಹೊತ್ತುಕೊಂಡಿತೆಂಬುದು ವಿಚಾರವಂತರನ್ನು ಚಿಂತನೆಗೆ ಹಚ್ಚುವ ಸಂಗತಿ.

ಮಲೆನಾಡೂ ಬಯಲುಸೀಮೆಯೂ ಕೂಡುವ ಈ ಎಡೆಯು ಕೆರೆಗಳ ನಾಡು. ಶಿಕಾರಿಪುರ ಸೊರಬ ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಊರು ವಿರಳ. ಕುಮುದ್ವತಿ, ದಂಡಾವತಿ, ವರದಾ ನದಿಗಳ ಆಸುಪಾಸಿನಲ್ಲಿ ಹಿರಿಯರು ಕಟ್ಟಿಸಿದ ಈ ಕೆರೆಗಳು ಗದ್ದೆಗೆ ನೀರೂಡುವುದಲ್ಲದೆ ಅಸಂಖ್ಯ ಜೀವಿಗಳಿಗೆ ಮನೆಯಾಗಿವೆ. ಸಿಳ್ಳೆ ಬಾತುಗಳು ಗುಂಪುಗೂಡಿ ಸಿಳ್ಳಿನಂತೆ ಕೂಗುತ್ತ ಸಂಜೆಯ ಹೊತ್ತು ಕೆರೆಯಿಂದ ಗದ್ದೆಗೆ ಹಾರುತ್ತವೆ. ವರಟೆ ಬಾತುಗಳು ನೀರಿನಂಚಿನ ಹುಲ್ಲಿನಲ್ಲಿ ನೆಲದ ಮೇಲೆಯೇ ಗೂಡುಮಾಡಿ ಮರಿಗಳನ್ನು ಹಿಂಬಾಲಿಸಿಕೊಂಡು ನೀರಿಗಿಳಿಯುತ್ತವೆ. ಚಳಿಗಾಲ ಬಂದಿತೆಂದರೆ ಹಿಮಾಲಯದಾಚೆಯ ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಸೂಜಿಬಾಲದ ಬಾತು ಮೊದಲಾದ ಅತಿಥಿಗಳು ಕನ್ನಡನಾಡಿನ ಕೆರೆಗಳಿಗೆ ಬಂದಿಳಿಯುತ್ತವೆ. ಸಾವಿರಾರು ಮೈಲಿ ಹಾರಿ ಬಂದ ಈ ಜೀವಿಗಳು ಬೇಡುವುದು ಒಂದಿಷ್ಟು ನೀರು, ಒಂದಿಷ್ಟು ಜೊಂಡು, ಒಂದಿಷ್ಟು ನಿರ್ಭಯ.

ಇಂತಹ ಬಾತುಗಳನ್ನೇ ಲೋಕದ ಬೇರೆ ಕೆಲವು ಭಾಗಗಳಲ್ಲಿ ವಿನೋದಕ್ಕಾಗಿ ಬೇಟೆಯಾಡುವ ರೂಢಿಯು ಇಂದಿಗೂ ಇದೆ. ಅಮೇರಿಕಾ ದೇಶದಲ್ಲಿ ಇದೊಂದು ವ್ಯವಸ್ಥಿತವಾದ ಉದ್ಯೋಗ. ಹಣ ಕೊಡುವ ಗಿರಾಕಿಗಳನ್ನು, ಅನೇಕ ವೇಳೆ ಅವರ ಹೆಂಡಿರು ಮಕ್ಕಳ ಸಹಿತ, ಮಾರ್ಗದರ್ಶಿಯೊಬ್ಬನು ನಸುಕಿಗೆ ಮುಂಚೆಯೇ ಜೌಗುನೆಲಕ್ಕೆ ಕರೆದೊಯ್ಯುತ್ತಾನೆ. ಕತ್ತಲಲ್ಲಿಯೇ ನೀರಿನ ಮೇಲೆ ಬಣ್ಣ ಬಳಿದ ಹುಸಿಬಾತುಗಳನ್ನು ತೇಲಿಬಿಡುತ್ತಾನೆ. ಜೊಂಡಿನ ಮರೆಯಲ್ಲಿ ಎಲ್ಲರನ್ನೂ ಕುಳ್ಳಿರಿಸಿ, ಬೆಳಕು ಹರಿಯುತ್ತಲೇ ಕೊಳವೆಯೊಂದನ್ನು ಊದಿ ಬಾತಿನ ದನಿಯಲ್ಲಿ ಕೂಗುತ್ತಾನೆ. ತನ್ನ ಬಳಗವೇ ಕರೆಯಿತೆಂದು ನಂಬಿ ಹಕ್ಕಿಗಳು ಇಳಿಯುವಾಗ ಕೋವಿಗಳು ಸಿಡಿಯುತ್ತವೆ. ಆಗ ಮಾರ್ಗದರ್ಶಿಯ ಬಳಿ ಮೌನವಾಗಿ ಕುಳಿತಿದ್ದ ಲ್ಯಾಬ್ರಡಾರ್ ಜಾತಿಯ ನಾಯಿಯು ಅಪ್ಪಣೆಯಾಗುತ್ತಲೇ ಕೊರೆಯುವ ನೀರಿಗೆ ಧುಮುಕಿ, ಬಿದ್ದ ಹಕ್ಕಿಯನ್ನು ಹಲ್ಲು ತಾಗದಂತೆ ಮೆತ್ತಗೆ ಕಚ್ಚಿ ತಂದು ಒಡೆಯನ ಕೈಗೆ ಒಪ್ಪಿಸುತ್ತದೆ.

ಭಾರತವು ಈ ವಿನೋದವನ್ನು ಅರಿಯದ ದೇಶವೇನಲ್ಲ. 1938ರ ನವೆಂಬರ್ 12ರಂದು ಭರತಪುರದ ಜೌಗಿನಲ್ಲಿ ವೈಸರಾಯ್ ಲಾರ್ಡ್ ಲಿನ್ಲಿತ್ಗೋ ಅವರ ತಂಡವು ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತು. ಆ ಸ್ಥಳವೇ ಇಂದು ಪಕ್ಷಿಗಳ ರಾಷ್ಟ್ರೀಯ ಉದ್ಯಾನವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಬೇಟೆಯ ಪರವಾನಗಿಯ ಪದ್ಧತಿಯನ್ನೇ ತೆಗೆದುಹಾಕಿದ 1991ರ ತಿದ್ದುಪಡಿಯೂ ಇಂತಹ ಬೇಟೆಗೆ ಕೊನೆ ಹಾಡಿದವು. ಇಂದು ಸೊರಬದ ಕೆರೆಯಲ್ಲಿ ಬಾತಿಗೆ ಕೋವಿಯೆತ್ತುವುದು ಅಪರಾಧ. ಆದರೆ ಕಾನೂನು ತಡೆದುದರಿಂದ ಮಾತ್ರವೇ ಕೈ ಹಿಂದೆಗೆದವನು ಕಾನೂನಿಲ್ಲದ ಕಡೆ ಕೈ ಚಾಚಲಾರನೆ? ರಾಜಶಾಸನವು ದೇಶದ ಗಡಿಯಲ್ಲಿ ನಿಲ್ಲುತ್ತದೆ, ಧರ್ಮಕ್ಕೆ ಗಡಿಯೆಲ್ಲಿಯದು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಈ ಸೀಮೆಯ ಸದ್ಭಕ್ತರ ಮಕ್ಕಳು ಇಂದು ದೂರದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಂತಹ ಒಬ್ಬ ಯುವಕನನ್ನು ಭಾವಿಸಿಕೊಳ್ಳಬಹುದು. ಅವನ ಮೇಲಧಿಕಾರಿಯು ಸ್ನೇಹದಿಂದ, ಮಡದಿ ಮಕ್ಕಳೊಡನೆ ಬಾತಿನ ಬೇಟೆಗೆ ಬರಬೇಕೆಂದು ಕರೆಯುತ್ತಾನೆ. ಕೋವಿ ಹಿಡಿಯಬೇಕಾಗಿಲ್ಲ, ಮಾಂಸ ಮುಟ್ಟಬೇಕಾಗಿಲ್ಲ, ಸುಮ್ಮನೆ ನೋಡಿದರೆ ಸಾಕು ಎನ್ನುತ್ತಾನೆ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಆ ಗೃಹಸ್ಥನು ಹೋಗಬಹುದೇ? ಹೋಗದಿರುವುದಾದರೆ ಯಾವ ಕಾರಣದಿಂದ? ಮಾಂಸದ ಮೈಲಿಗೆಗೆ ಅಂಜಿಯೋ, ಬೇರೆ ಹಿರಿದಾದ ಕಾರಣದಿಂದಲೋ?

ಉತ್ತರಕ್ಕೆ ಮುನ್ನ ಆ ಮಾರ್ಗದರ್ಶಿಯ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಅವನು ಸೋಮಾರಿಯಲ್ಲ. ಮೂರನೆಯ ಜಾವದಲ್ಲಿ ಎದ್ದು ಮೊಣಕಾಲುದ್ದ ನೀರಿನಲ್ಲಿ ನಿಂತು ದುಡಿಯುತ್ತಾನೆ. ಗಾಳಿಯ ದಿಕ್ಕು, ನೀರಿನ ಆಳ, ಹಕ್ಕಿಯ ಹಾರಾಟ ಇವೆಲ್ಲವನ್ನು ಬಲ್ಲನು. ಸರಕಾರವು ವಿಧಿಸಿದ ಮಿತಿಯನ್ನು ಮೀರುವುದಿಲ್ಲ. ಕೂಲಿಗೆ ತಕ್ಕ ಕೆಲಸ ಮಾಡಿ ಮಕ್ಕಳನ್ನು ಸಾಕುತ್ತಾನೆ. ಕಾಯಕವೇ ಶಿವನ ಸನ್ನಿಧಿಯೆಂದು ಶರಣರು ಬೋಧಿಸಿದರಲ್ಲವೆ? ಚಮ್ಮಾರನೂ ಅಂಬಿಗನೂ ಕಟ್ಟಿಗೆ ಮಾರುವವನೂ ಅನುಭವ ಮಂಟಪದಲ್ಲಿ ಸಮಾನಗೌರವ ಪಡೆದರಲ್ಲವೆ? ಹಾಗಾದರೆ ಇವನ ದುಡಿಮೆಯು ಮಾತ್ರ ಏಕೆ ಕಾಯಕವಲ್ಲ?

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಬೆವರು ಸುರಿದ ಮಾತ್ರಕ್ಕೆ ಎಲ್ಲ ಕೆಲಸವೂ ಕಾಯಕವಾಗುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಅರಿಯದ ಲಿಂಗಾಯತ ಮನೆಯಿಲ್ಲ. ಪತಿ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಆ ಮಹಾತಾಯಿಯು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿಯು ಕಳವಿನದಲ್ಲ, ದುಡಿಮೆಯು ಸುಳ್ಳಲ್ಲ. ಆದರೂ ಅವಶ್ಯಕತೆಯ ಗೆರೆಯನ್ನು ದಾಟಿದೊಡನೆ ಅದರಲ್ಲಿ ಆಸೆಯ ಕಲ್ಮಷ ಬೆರೆಯಿತೆಂದು ಆಕೆಯು ಅರಿತಳು. ದುಡಿಮೆಯು ಕಾಯಕವಾಗಬೇಕಾದರೆ ಅದರ ಬೇರು ಅವಶ್ಯಕತೆಯಲ್ಲಿರಬೇಕು. ಅದರ ಫಲವು ದಾಸೋಹಕ್ಕೆ ಸಲ್ಲುವಂತಿರಬೇಕು. ಆ ಕ್ರಿಯೆಯು ಲಿಂಗಕ್ಕೆ ಅರ್ಪಿತವಾಗಬಲ್ಲುದಾಗಿರಬೇಕು.

ಈ ಅಳತೆಗೋಲಿನಿಂದ ಬೇಟೆಯ ಮಾರ್ಗದರ್ಶಿಯ ಉದ್ಯೋಗವನ್ನು ನೋಡಬೇಕು. ಅವನು ಮಾರುತ್ತಿರುವ ವಸ್ತು ಯಾವುದು? ಆಹಾರವಂತೂ ಅಲ್ಲ. ಗಿರಾಕಿಯು ಅಂದಿನ ಬೇಟೆಗೆ ಕೊಡುವ ಹಣದಲ್ಲಿ ಮನೆಮಂದಿಗೆಲ್ಲ ಹಲವು ದಿನಗಳ ಊಟ ದೊರೆಯುತ್ತದೆ. ಅವನು ಮಾರುತ್ತಿರುವುದು ಹಕ್ಕಿಯು ರೆಕ್ಕೆ ಮುದುಡಿ ಬೀಳುವ ಆ ಒಂದು ಕ್ಷಣವನ್ನು. ಗಿರಾಕಿಯು ಕೊಳ್ಳುತ್ತಿರುವುದು ತಾನೇ ಕೊಂದೆನೆಂಬ ಉಲ್ಲಾಸವನ್ನು. ಈ ಉಲ್ಲಾಸವನ್ನು ಅಂಗೈಯಲ್ಲಿರುವ ಲಿಂಗಕ್ಕೆ ಅರ್ಪಿಸಲು ಯಾವ ಭಕ್ತನಿಗೆ ಧೈರ್ಯ ಬಂದೀತು? ಅರ್ಪಿತವಾಗಲಾರದ ಸುಖವು ಪ್ರಸಾದವಾಗಲಾರದು.

ಬೇಡರ ಕಣ್ಣಪ್ಪನು ಬೇಟೆಗಾರನಾಗಿರಲಿಲ್ಲವೆ, ಅವನನ್ನು ಶರಣರು ಪುರಾತನರಲ್ಲಿ ಎಣಿಸಲಿಲ್ಲವೆ ಎಂದು ಕೆಲವರು ಕೇಳಬಹುದು. ನಿಜ. ಆದರೆ ಕಣ್ಣಪ್ಪನು ಕಾಡಿನಲ್ಲಿ ಹುಟ್ಟಿ ಬೇಟೆಯಿಂದಲೇ ಹೊಟ್ಟೆ ಹೊರೆದವನು. ತನಗೆ ಇದ್ದುದರಲ್ಲಿ ಉತ್ತಮವಾದುದನ್ನು ಮುಗ್ಧಭಕ್ತಿಯಿಂದ ಶಿವನಿಗಿತ್ತವನು. ಕಡೆಗೆ ತನ್ನ ಕಣ್ಣುಗಳನ್ನೇ ಕಿತ್ತು ಕೊಡಲು ಮುಂದಾದವನು. ಅವನನ್ನು ಪುರಾತನನನ್ನಾಗಿ ಮಾಡಿದುದು ಅವನು ಕೊಂದ ಪ್ರಾಣಿಯಲ್ಲ, ಅವನು ಕೊಟ್ಟ ಕಣ್ಣು. ಹಸಿವಿಗಾಗಿ ಬಲೆ ಬೀಸುವ ಬಡವನನ್ನು ಉಂಡ ಹೊಟ್ಟೆಯವನು ಹಳಿಯುವುದು ದಯೆಯೆನಿಸದು. ಅದರಂತೆಯೇ, ಉಂಡ ಹೊಟ್ಟೆಯವನು ವಿನೋದಕ್ಕಾಗಿ ಕೊಲ್ಲುವಾಗ ಹಸಿದವನ ಹೆಸರನ್ನು ಮರೆಯಾಗಿ ಹಿಡಿಯುವುದೂ ನ್ಯಾಯವೆನಿಸದು.

ಇನ್ನೊಂದು ಸೂಕ್ಷ್ಮವಿದೆ. ಬಸವಣ್ಣನವರು ಧರ್ಮದ ಬೇರನ್ನು ಕರುಣೆಯಲ್ಲಿ ಕಂಡರು. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಬೋಧಿಸುವಾಗ ಕಳವು, ಕೊಲೆ, ಹುಸಿಗಳನ್ನು ಒಂದೇ ಸಾಲಿನಲ್ಲಿಟ್ಟು ನಿಷೇಧಿಸಿದರು. ಅವು ಒಂದನ್ನೊಂದು ಹಿಡಿದುಕೊಂಡೇ ಬರುತ್ತವೆಂಬುದಕ್ಕೆ ಬಾತಿನ ಬೇಟೆಯೇ ಸಾಕ್ಷಿ. ಅಲ್ಲಿ ಕೊಲೆಗೆ ಮುಂಚೆ ಹುಸಿಯು ನಡೆಯುತ್ತದೆ. ನೀರಿನ ಮೇಲೆ ಹುಸಿಹಕ್ಕಿ, ಗಾಳಿಯಲ್ಲಿ ಹುಸಿಕರೆ. ಬಾತು ಸಾಯುವುದು ತನ್ನ ದೌರ್ಬಲ್ಯದಿಂದಲ್ಲ, ತನ್ನ ಬಳಗದ ಮೇಲಣ ವಿಶ್ವಾಸದಿಂದ. ಜೊತೆಗಾರರಿರುವಲ್ಲಿ ಕ್ಷೇಮವಿದೆಯೆಂಬ ಅದರ ನಂಬಿಕೆಯೇ ಅದಕ್ಕೆ ಉರುಲಾಗುತ್ತದೆ. ಸಂಗದಲ್ಲಿ ಶಿವನನ್ನು ಕಂಡ ಶರಣರ ಮಕ್ಕಳಿಗೆ ಇದಕ್ಕಿಂತ ಅಸಹ್ಯವಾದುದು ಯಾವುದಿದೆ?

ಇನ್ನು ಆ ನಾಯಿಯ ವಿಚಾರ. ಕನ್ನಡಿಗರು ನಾಯಿಯ ನಿಷ್ಠೆಯನ್ನು ಗೌರವಿಸದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949-50ರ ಕಾಲದ ವೀರಗಲ್ಲೊಂದು ದೊರೆತಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೆರನು ಮೆಚ್ಚಿ ಬೇಡಿ ಪಡೆದ ಕಾಳಿಯೆಂಬ ನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಮಡಿದುವೆಂದು ಆ ಕಲ್ಲು ಹೇಳುತ್ತದೆ. ಕಾಳಿಯು ಎದುರಾಳಿಯನ್ನು ಮುಖಾಮುಖಿಯಾಗಿ ಎದುರಿಸಿ ತನ್ನ ಪ್ರಾಣವನ್ನೇ ಪಣವಾಗಿಟ್ಟಿತು. ಬಾತಿನ ಬೇಟೆಯ ನಾಯಿಯಲ್ಲಿಯೂ ಇಂತಹುದೇ ಒಂದು ಮಹತ್ತಿದೆ. ಅದು ಹಸಿದಿರಬಹುದು, ಬಾಯಲ್ಲಿ ಬಿಸಿಯಾದ ಮಾಂಸವಿದೆ, ಆದರೂ ಹಲ್ಲೂರುವುದಿಲ್ಲ. ಒಡೆಯನ ಒಂದು ಮಾತಿಗೆ ಬಾಯಿ ತೆರೆದು ಒಪ್ಪಿಸಿಬಿಡುತ್ತದೆ. ಗಾಯಗೊಂಡ ಹಕ್ಕಿಯು ಜೊಂಡಿನಲ್ಲಿ ನರಳಿ ಸಾಯದಂತೆ ಹುಡುಕಿ ತರುವುದೂ ಅದರಿಂದಲೇ. ಪಶುವು ತನ್ನ ಹಲ್ಲನ್ನು ಬಿಗಿಹಿಡಿಯಬಲ್ಲುದು. ಅರಿವುಳ್ಳ ಮಾನವನು ತನ್ನ ಬೆರಳೊಂದನ್ನು ಬಿಗಿಹಿಡಿಯಲಾರನೆ? ಇಂದ್ರಿಯನಿಗ್ರಹವನ್ನು ನಾಯಿಗೆ ಕಲಿಸಿದವನು ಅದನ್ನು ತಾನು ಕಲಿಯದೆ ಉಳಿದನೆಂಬುದು ವಿಪರ್ಯಾಸ.

ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಪ್ರಶ್ನೆ. ತಂದೆಯ ಪಕ್ಕದಲ್ಲಿ ಕುಳಿತ ಮಗುವು ಆಗಸದಲ್ಲಿ ಹಾರುವ ಹಕ್ಕಿಯನ್ನು ಕಂಡು ಹಿಗ್ಗುತ್ತದೆ. ಅದು ಬಿದ್ದಾಗ ಮಗುವಿನ ಮನದಲ್ಲಿ ಮೊದಲು ಏಳುವುದು ನೋವು. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಶಿವನಿತ್ತ ಬಂಡವಾಳ. ಆದರೆ ಮಗುವು ತಲೆಯೆತ್ತಿ ತಂದೆಯ ಮುಖವನ್ನು ನೋಡುತ್ತದೆ. ಅಲ್ಲಿ ನಗುವಿದೆ. ಸುತ್ತಲಿನವರು ಭಲೇ ಎನ್ನುತ್ತಿದ್ದಾರೆ. ತನ್ನ ನೋವೇ ತಪ್ಪೆಂದು ತಿಳಿದು ಮಗುವು ಅದನ್ನು ನುಂಗಿಕೊಳ್ಳುತ್ತದೆ. ಮುಂದಿನ ಸಲ ತಾನೂ ನಗುತ್ತದೆ. ಆ ಬೆಳಗಿನಲ್ಲಿ ಸತ್ತುದು ಹಕ್ಕಿಯೊಂದೇ ಅಲ್ಲ. ಉಡುತಡಿಯ ಅಕ್ಕನು ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೋದಾಗ ಗಿಳಿ, ಕೋಗಿಲೆ, ನವಿಲುಗಳನ್ನೂ ಕೊಳದ ಹಂಸೆಗಳನ್ನೂ ತನ್ನ ಒಡೆಯನ ಸುಳಿವು ಕೇಳಿದಳು. ನೀರಹಕ್ಕಿಯನ್ನು ದೇವರ ವಿಳಾಸ ಕೇಳಬಹುದಾದ ಬಂಧುವೆಂದು ತಿಳಿದ ಮಗುವಿಗೂ, ಅದನ್ನು ಗುರಿಯೆಂದು ತಿಳಿದ ಮಗುವಿಗೂ ಜಗತ್ತು ಒಂದೇ ಆಗಿ ಕಾಣಲಾರದು. ನೋಡಿದರೆ ಸಾಕು ಎಂಬ ಕರೆಯನ್ನು ಗೃಹಸ್ಥನು ಒಪ್ಪಬಾರದುದು ಈ ಕಾರಣದಿಂದ. ನೋಡುವುದೂ ಒಂದು ಶಿಕ್ಷಣವೇ ಆಗಿದೆ.

ಇಷ್ಟನ್ನು ಓದಿ, ತಾನು ಬೇಟೆಯಾಡುವವನಲ್ಲ, ಮಾಂಸ ತಿನ್ನುವವನಲ್ಲ, ತನಗೆ ಈ ದೋಷವಿಲ್ಲವೆಂದು ಸಮಾಧಾನ ಪಡುವ ಭಕ್ತನು ಸ್ವಲ್ಪ ತಾಳಬೇಕು. ಅಮೇರಿಕಾದಲ್ಲಿ 1934ರಿಂದ ಒಂದು ಕಟ್ಟಳೆಯಿದೆ. ಬಾತಿನ ಬೇಟೆಗೆ ಹೋಗುವ ಪ್ರತಿಯೊಬ್ಬ ವಯಸ್ಕನೂ ಅದಕ್ಕೆಂದೇ ಅಚ್ಚಾದ ಅಂಚೆಚೀಟಿಯಂತಹ ಚೀಟಿಯೊಂದನ್ನು ವರ್ಷವರ್ಷವೂ ಕೊಳ್ಳಬೇಕು. ಮೊದಲು ಒಂದು ಡಾಲರಿದ್ದ ಅದರ ಬೆಲೆಯು ಈಗ 25 ಡಾಲರು. ಆ ಹಣದ ಬಹುಪಾಲು ಹಕ್ಕಿಗಳಿಗಾಗಿ ಜೌಗುನೆಲವನ್ನು ಕೊಂಡು ಕಾಪಾಡಲು ವಿನಿಯೋಗವಾಗುತ್ತದೆ. ಕೊಲ್ಲುವವನೇ ಹಣ ಕೊಟ್ಟು ನೀರಿನ ನೆಲೆಯನ್ನು ಉಳಿಸಿದನು. ಇದು ಅವನ ಕೊಲೆಯನ್ನು ಪುಣ್ಯವನ್ನಾಗಿ ಮಾಡುವುದಿಲ್ಲ. ಆದರೆ ಕೊಲ್ಲದವನನ್ನು ನಾಚಿಸುವುದಂತೂ ದಿಟ.

ಏಕೆಂದರೆ ಕೋವಿಯನ್ನೇ ಕಾಣದ ಕೈಗಳು ಕೆರೆಯಂಗಳವನ್ನು ಒತ್ತಿ ಹೊಲ ಮಾಡಿಕೊಳ್ಳುವುದುಂಟು. ನಿತ್ಯವೂ ಲಿಂಗಪೂಜೆ ಮಾಡುವವನ ಗದ್ದೆಯಿಂದ ಕೀಟನಾಶಕದ ವಿಷವು ಕೆರೆಗೆ ಹರಿಯುವುದುಂಟು. ಹೂಳು ತುಂಬಿದ ಕೆರೆಯನ್ನು ಕಂಡೂ ಊರೆಲ್ಲ ಸುಮ್ಮನಿರುವುದುಂಟು. ಗುಂಡು ಒಂದು ಬಾತನ್ನು ಕೊಂದೀತು. ಕೆರೆಯ ನಾಶವು ಇನ್ನೂ ಹುಟ್ಟದ ಬಾತುಗಳನ್ನೂ ಕೊಲ್ಲುತ್ತದೆ. ಬೇಟೆಗಾರನಿಗೆ ತಾನು ಕೊಂದೆನೆಂದಾದರೂ ತಿಳಿದಿರುತ್ತದೆ. ಕೆರೆಯನ್ನು ಒತ್ತಿದವನು ತನ್ನನ್ನು ಅಹಿಂಸಕನೆಂದೇ ತಿಳಿದು ವಿಭೂತಿ ಧರಿಸುತ್ತಾನೆ. ಯಾವ ವೆಚ್ಚವೂ ಇಲ್ಲದ ದಯೆಯು ಇನ್ನೂ ದಯೆಯಾಗಿಲ್ಲ. ಅದು ಕೇವಲ ಅಭ್ಯಾಸ.

ಈ ಸೀಮೆಯ ಹಿರಿಯರ ಆದರ್ಶವು ಬೇರೆಯಾಗಿತ್ತು. ಬಳ್ಳಿಗಾವಿಯ ಕೇದಾರೇಶ್ವರ ಸನ್ನಿಧಿಯಲ್ಲಿ ಕಾಳಾಮುಖ ಯತಿಗಳ ಮಠವೊಂದಿತ್ತು. ಕೆರೆಯ ಕೋಡಿಯ ಹೆಸರಿನಿಂದಲೇ ಅದು ಕೋಡಿಯಮಠವೆನಿಸಿತ್ತು. ಬಸವಣ್ಣನವರ ಕಾಲದ್ದೇ ಆದ 1162ರ ಶಾಸನವು ಆ ಮಠವನ್ನು ಬಣ್ಣಿಸುವಾಗ, ಅಲ್ಲಿ ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವಿತ್ತೆಂದೂ ರೋಗಿಗಳಿಗೆ ಔಷಧವಿತ್ತೆಂದೂ ಹೇಳಿ, ಅದು ಸಮಸ್ತ ಜೀವಿಗಳಿಗೆ ಅಭಯವೀಯುವ ತಾಣವೆಂದೂ ಸಾರುತ್ತದೆ. ಕೆರೆಯ ಕೋಡಿಯ ಹೆಸರು, ಹಸಿದವರಿಗೆ ಅನ್ನ, ಸಕಲ ಪ್ರಾಣಿಗಳಿಗೆ ಅಭಯ, ಇವು ಮೂರೂ ಒಂದೇ ಮಠದಲ್ಲಿ ಕೂಡಿದುದು ಎಷ್ಟು ಅರ್ಥಪೂರ್ಣ!

ಆ ಅಭಯವು ಇಂದೂ ಅಳಿದಿಲ್ಲವೆಂಬುದಕ್ಕೆ ಸೊರಬ ತಾಲ್ಲೂಕಿನ ಗುಡವಿಯೇ ಸಾಕ್ಷಿ. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಅಲ್ಲಿನ ಕೆರೆಯಲ್ಲಿ ಮಳೆಗಾಲ ತೊಡಗುತ್ತಲೇ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರವರು ತಮ್ಮ ಮನೆಯಂಗಳದ ಮರಗಳಲ್ಲಿಯೇ ಕೊಕ್ಕರೆ ಹೆಜ್ಜಾರ್ಲೆಗಳಿಗೆ ಎಡೆಗೊಟ್ಟು, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವುಗಳನ್ನು ಕಾಣುತ್ತಾರೆ. ಇಂತಹ ಎಡೆಗಳಲ್ಲಿಯೂ ಮಾರ್ಗದರ್ಶಿ ಬೇಕು. ಹಕ್ಕಿಯ ಹೆಸರು, ಗೂಡು, ಹಾರುವ ಹೊತ್ತು ಬಲ್ಲವನು ಬೇಕು. ನಸುಕಿನಲ್ಲಿ ಎದ್ದು, ಜೊಂಡಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅದೇ ತಾಳ್ಮೆ ಬೇಕು. ಬೇಟೆಯ ಮಾರ್ಗದರ್ಶಿಯ ವಿದ್ಯೆಯಲ್ಲಿ ಬಿಡಬೇಕಾದುದು ಹುಸಿಯನ್ನೂ ಕೊಲೆಯನ್ನೂ ಮಾತ್ರ. ಉಳಿದುದೆಲ್ಲವೂ ಕಾಯಕವಾಗಬಲ್ಲುದು.

ಹಾಗಾದರೆ ದೂರದೇಶದ ಆ ಯುವಕನು ಮಾಡಬೇಕಾದುದೇನು? ಕರೆದವನನ್ನು ಕೀಳಾಗಿ ಕಾಣದೆ, ಬೇಟೆಗೆ ಬರಲಾರೆನೆಂದು ವಿನಯದಿಂದ ತಿಳಿಸಬೇಕು. ಕಾರಣವನ್ನು ಕೇಳಿದರೆ ಮರೆಮಾಚದೆ ಹೇಳಬೇಕು. ಅಷ್ಟಕ್ಕೇ ನಿಲ್ಲದೆ, ಬೇಟೆಯ ಋತುವಲ್ಲದ ಒಂದು ದಿನ ಅದೇ ಮಾರ್ಗದರ್ಶಿಗೆ ಅಷ್ಟೇ ಕೂಲಿಯನ್ನಿತ್ತು, ತನ್ನ ಮಕ್ಕಳಿಗೆ ಬಾತುಗಳನ್ನು ತೋರಿಸೆಂದು ಬೇಡಬೇಕು. ಸಾಧ್ಯವಾದರೆ ಆ ಮೇಲಧಿಕಾರಿಯನ್ನೂ ಅವನ ಮಕ್ಕಳನ್ನೂ ಕರೆದೊಯ್ಯಬೇಕು. ಮಾರ್ಗದರ್ಶಿಯು ಗಿರಾಕಿಯು ಬಯಸಿದ ದಾರಿಯನ್ನೇ ತೋರುವವನು. ಕೊಳ್ಳುವವನ ಬಯಕೆ ಬದಲಾದರೆ ಅವನ ದಾರಿಯೂ ಬದಲಾದೀತು. ಆದುದರಿಂದ ಆ ಉದ್ಯೋಗದ ಹೊಣೆಯಲ್ಲಿ ಅರ್ಧವು ಹಣ ಕೊಡುವವನದು. ಕಾಯಕಕ್ಕೆ ಶುದ್ಧಿಯು ಬೇಕೆಂಬಂತೆ ವೆಚ್ಚಕ್ಕೂ ಶುದ್ಧಿಯು ಬೇಕು.

ಊರಿನಲ್ಲಿರುವ ಗೃಹಸ್ಥನ ವ್ರತವು ಇನ್ನೂ ಸರಳ, ಆದರೆ ಇನ್ನೂ ಕಠಿಣ. ಒತ್ತಿದ ಕೆರೆಯಂಗಳವನ್ನು ಕೆರೆಗೆ ಬಿಟ್ಟುಕೊಡುವುದು. ವಿಷದ ನೀರು ಕೆರೆಗಿಳಿಯದಂತೆ ನೋಡಿಕೊಳ್ಳುವುದು. ಗೂಡಿರುವ ಮರವನ್ನು ಮರಿಗಳು ಹಾರುವವರೆಗಾದರೂ ಕಡಿಯದಿರುವುದು. ವರ್ಷಕ್ಕೊಮ್ಮೆ ಹೂಳೆತ್ತುವ ಕೆಲಸಕ್ಕೆ ಊರವರೊಡನೆ ಬುಟ್ಟಿ ಹಿಡಿದು ಇಳಿಯುವುದು. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಮರಳಿಸಿದಂತೆ ಹೆಚ್ಚಿನ ನೆಲವನ್ನು ಮರಳಿಸುವವನೇ ನಿಜವಾದ ಕಾಯಕಜೀವಿ.

ದಾನಗಳಲ್ಲೆಲ್ಲ ಅಭಯದಾನವೇ ಹಿರಿದೆಂಬುದು ಹಿರಿಯರ ಮಾತು. ಶಿಕಾರಿಪುರವೆಂಬ ಹೆಸರು ಇನ್ನು ಅಳಿಯಲಾರದು, ಅಳಿಯಬೇಕಾಗಿಯೂ ಇಲ್ಲ. ಆದರೆ ಈ ನಾಡಿನ ಕೆರೆಗೆ ಬಂದಿಳಿದ ಬಾತೊಂದು ರೆಕ್ಕೆ ಮಡಚಿ, ತಲೆಯನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ, ನೀರಿನ ಮೇಲೆ ನಿರ್ಭಯವಾಗಿ ನಿದ್ರಿಸಿದ ದಿನ, ಆ ಊರು ಮತ್ತೆ ಮಹಾದಾನಪುರವಾದಂತೆಯೇ ಸರಿ. ಅಂತಹ ದಾನವನ್ನೀಯುವ ಶಕ್ತಿಯನ್ನು ಶಿವನು ಸಕಲ ಭಕ್ತರಿಗೂ ಕರುಣಿಸಲಿ.